ಜಗದ್ಗುರುಗಳಿಗೆ ಪಾಠ ಹೇಳಿದವರು

ಗುರು ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಎತ್ತರದ ಪೀಠ, ಕೈಯಲ್ಲಿ ಪುಸ್ತಕ, ಎದುರಿಗೆ ವಿನಯದಿಂದ ಕುಳಿತ ಶಿಷ್ಯವರ್ಗ. ಆದರೆ ಬಾಳಿನಲ್ಲಿ ನಿಜವಾಗಿ ಕೈಹಿಡಿದು ನಡೆಸಿದ ಮಾತುಗಳನ್ನು ಯಾರು ಹೇಳಿದರೆಂದು ಒಂದು ಗಳಿಗೆ ಕುಳಿತು ಯೋಚಿಸಿದರೆ, ಪೀಠದ ಮೇಲೆ ಕುಳಿತವರಿಗಿಂತ ದಾರಿಯಲ್ಲಿ ಸಿಕ್ಕವರ ಹೆಸರುಗಳೇ ಹೆಚ್ಚಾಗಿ ನೆನಪಿಗೆ ಬರುತ್ತವೆ. ಸಾಮಾನ್ಯರಾದ ನಮ್ಮಂಥವರ ಪಾಡು ಹೀಗಿರುವುದರಲ್ಲಿ ಆಶ್ಚರ್ಯವಿಲ್ಲ. ಜಗದ್ಗುರುಗಳೆಂದು ಲೋಕವೇ ಕರೆದ ಶ್ರೀ ಶಂಕರಾಚಾರ್ಯರ ಬಾಳೂ ಹೀಗೆಯೇ ಇತ್ತೆಂಬುದು ಮಾತ್ರ ಮನನಮಾಡತಕ್ಕ ಸಂಗತಿ. ಅವರ ಚರಿತ್ರೆಯನ್ನು ಈ ಒಂದು ಕಣ್ಣಿನಿಂದ ನೋಡುವ ಚಿಕ್ಕ ಪ್ರಯತ್ನವನ್ನು ನಾವಿಲ್ಲಿ ಮಾಡಿದ್ದೇವೆ.

ರಾಜ್ಯೋತ್ಸವದ ಸಂಚಿಕೆಗೆ ಈ ಮಹನೀಯರನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಅವರು ಹುಟ್ಟಿದ ಊರು ಮಲಯಾಳ ನಾಡಿನದು. ಅವರ ಪೀಠ ನೆಲೆಗೊಂಡುದು ನಮ್ಮ ತುಂಗಾತೀರದಲ್ಲಿ. ಅವರು ದಕ್ಷಿಣದಿಂದ ಹೊರಟು ಕನ್ನಡನಾಡಿಗೆ ಬಂದರು. ನಾವು ಕನ್ನಡನಾಡಿನಿಂದ ಹೊರಟು ಅವರ ಹುಟ್ಟೂರಿನ ಸಮೀಪಕ್ಕೆ ಬಂದು ಸಂಸಾರ ಹೂಡಿದೆವು. 1956ನೆಯ ಇಸವಿ ನವೆಂಬರ್ 1ರಂದು ಅತ್ತ ಕನ್ನಡ ಪ್ರಾಂತಗಳು ಒಂದಾದುವು, ಇತ್ತ ಅದೇ ದಿನ ಕೇರಳ ರಾಜ್ಯವೂ ಹುಟ್ಟಿತು. ಆದಕಾರಣ ನಾವು ಇಲ್ಲಿ ಭುವನೇಶ್ವರಿಗೆ ಹೂವೇರಿಸುವ ದಿನವೇ ನೆರೆಮನೆಯವರೂ ತಮ್ಮ ನಾಡಿನ ಹುಟ್ಟುಹಬ್ಬವನ್ನು ಆಚರಿಸುತ್ತಾರೆ. ಎರಡು ಮನೆಗಳಿಗೂ ಸೇರಿದ ಹಿರಿಯರೊಬ್ಬರನ್ನು ಈ ದಿನ ನೆನೆಯುವುದು ಸಲ್ಲುವ ಮಾತಲ್ಲವೆ?

ಅಂಬಲಮುಗಳಿನಲ್ಲಿ ವಾಸಿಸುವ ನಮಗೆ ಈ ನೆನಪು ದೂರದ್ದೂ ಅಲ್ಲ. ಅಂಬಲವೆಂದರೆ ಗುಡಿ, ಮುಗಳೆಂದರೆ ಮೇಲುಭಾಗ. 1966ರಲ್ಲಿ ಇಲ್ಲಿಯ ಎಣ್ಣೆ ಶುದ್ಧೀಕರಣದ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಅದರ ಸುತ್ತ ಬೇರೆ ಕಾರ್ಖಾನೆಗಳೂ ಬಂದುವು. ಅವುಗಳ ಹಿಂದೆ ನಮ್ಮಂತಹ ಪರವೂರಿನ ಸಂಸಾರಗಳೂ ಬಂದುವು. ಇಲ್ಲಿಂದ ಬೆಳಿಗ್ಗೆ ಹೊರಟರೆ ಪೆರಿಯಾರ್ ಹೊಳೆಯ ದಡದ ಕಾಲಡಿಯನ್ನು ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಊರಿನಿಂದ ವಿಮಾನದಲ್ಲಿ ಬರುವ ಬಂಧುಗಳು ಇಳಿಯುವ ನೆಡುಂಬಾಶೇರಿಗಂತೂ ಕಾಲಡಿ ತೀರ ಹತ್ತಿರ. ಅಲ್ಲಿಗೆ ಹೋಗಿಬಂದವರು ನಮ್ಮಲ್ಲಿ ಬಹಳ ಮಂದಿ. ಆಚಾರ್ಯರು ಯಾರಿಂದ ಏನು ಕಲಿತರೆಂದು ಅಲ್ಲಿ ನಿಂತು ಯೋಚಿಸಿದವರು ಅಷ್ಟು ಮಂದಿ ಇರಲಾರರು.

ಮೊದಲಿಗೆ ಒಂದು ಮಾತು. ಶಂಕರರ ಕಾಲ ಕ್ರಿ.ಶ. 788ರಿಂದ 820 ಎಂಬುದು ಬಹುಕಾಲ ನಡೆದುಬಂದ ಎಣಿಕೆ. ಇನ್ನೂ ಕೆಲವು ದಶಕಗಳಷ್ಟು ಹಿಂದಕ್ಕೆ ಹೋಗಬೇಕೆಂದು ಹೇಳುವ ಪಂಡಿತರೂ ಉಂಟು. ಅವರ ಜೀವನವನ್ನು ವರ್ಣಿಸುವ ಶಂಕರವಿಜಯಗಳೆಲ್ಲವೂ ಅವರು ಹೋಗಿ ಶತಮಾನಗಳು ಕಳೆದ ಮೇಲೆ ಹುಟ್ಟಿದ ಕಾವ್ಯಗಳು. ಮಾಧವರ ಹೆಸರಿನಲ್ಲಿರುವುದು ನಮ್ಮಲ್ಲಿ ಹೆಚ್ಚು ಪ್ರಚಾರದಲ್ಲಿರುವ ಗ್ರಂಥ. ಆಚಾರ್ಯರ ಹೆಸರಿನಲ್ಲಿ ನಡೆದುಬಂದಿರುವ ಸ್ತೋತ್ರಗಳೆಲ್ಲವೂ ಅವರವೇ ಎಂಬುದನ್ನೂ ಎಲ್ಲ ಪಂಡಿತರು ಒಪ್ಪುವುದಿಲ್ಲ. ಆದ್ದರಿಂದ ಮುಂದೆ ಬರುವ ಪ್ರಸಂಗಗಳು ಶಾಸನದಲ್ಲಿ ಕೊರೆದಿಟ್ಟ ಇತಿಹಾಸವೆಂದು ನಾವು ಹೇಳುವುದಿಲ್ಲ. ಸಾವಿರ ವರ್ಷ ಜನರು ತಮ್ಮ ಮಕ್ಕಳಿಗೆ ಹೇಳಿಕೊಂಡು ಬಂದ ಚರಿತ್ರೆಯೆಂದು ಓದುಗರು ಇವನ್ನು ತಿಳಿಯಬೇಕು. ಒಬ್ಬ ಮಹಾಪಂಡಿತನ ಕಥೆಯನ್ನು ಹೇಳುವಾಗ, ಅವನು ಸೋತ, ತಲೆಬಾಗಿದ, ಗೊತ್ತಿಲ್ಲವೆಂದು ಒಪ್ಪಿಕೊಂಡ ಸಂದರ್ಭಗಳನ್ನು ಜನರು ಅಳಿಸಿಹಾಕದೆ ಉಳಿಸಿಕೊಂಡರಲ್ಲ, ಅದರಲ್ಲಿಯೇ ದೊಡ್ಡ ತಿಳಿವಳಿಕೆಯಿದೆ.

ಕಾಲಡಿಯ ನಂಬೂದಿರಿ ಮನೆತನವೊಂದರಲ್ಲಿ ಶಿವಗುರು, ಆರ್ಯಾಂಬೆ ಎಂಬ ದಂಪತಿಗಳಿದ್ದರು. ಬಹುಕಾಲ ಮಕ್ಕಳಿಲ್ಲದೆ ತೃಶ್ಶೂರಿನ ವಡಕ್ಕುನ್ನಾಥನಿಗೆ ಹರಕೆ ಹೊತ್ತ ಮೇಲೆ ಅವರಿಗೆ ಶಂಕರ ಹುಟ್ಟಿದ. ಆರ್ಯಾಂಬೆಯ ತವರು ವೆಳಿಯನಾಡಿನ ಮೇಲ್ಪಳೂರ್ ಮನವೆಂದು ಈ ಸೀಮೆಯವರು ತೋರಿಸುತ್ತಾರೆ. ನಂಬೂದಿರಿಗಳ ವಾಸಗೃಹಕ್ಕೆ ಇಲ್ಲಿ ಮನವೆಂದೇ ಹೆಸರು. ನಮ್ಮ ಮನೆಗೂ ಅವರ ಮನಕ್ಕೂ ಕೊನೆಯ ಅಕ್ಷರವೊಂದೇ ಭೇದ. ಹುಡುಗನಿಗೆ ಮೂರು ವರ್ಷವಾಗುವ ವೇಳೆಗೆ ತಂದೆ ತೀರಿಕೊಂಡರು. ಐದರಲ್ಲಿ ತಾಯಿಯೇ ಮುಂದೆ ನಿಂತು ಮುಂಜಿ ಮಾಡಿಸಿ ಗುರುಕುಲಕ್ಕೆ ಕಳುಹಿಸಿದಳು. ದೂರದ ಹೊಳೆಗೆ ನಡೆದು ಹೋಗಿ ಸ್ನಾನಮಾಡುತ್ತಿದ್ದ ತಾಯಿ ಒಂದು ದಿನ ಬಿಸಿಲಿಗೆ ತಲೆತಿರುಗಿ ಬಿದ್ದಳೆಂದೂ, ಮಗನ ಮೊರೆಗೆ ಓಗೊಟ್ಟು ಹೊಳೆಯೇ ಪಾತ್ರವನ್ನು ಬದಲಿಸಿ ಮನೆಯ ಹತ್ತಿರಕ್ಕೆ ಬಂದಿತೆಂದೂ ಊರಿನ ಹೆಸರಿಗೆ ಕಥೆ ಹೇಳುತ್ತಾರೆ. ಕಾಲಿಗೂ ಅಡಿಗೂ ಅರ್ಥ ಹೇಳಿಸಿಕೊಳ್ಳುವ ಅಗತ್ಯ ಕನ್ನಡಿಗರಿಗಿಲ್ಲ.

ಶಂಕರರಿಗೆ ಸಿಕ್ಕಿದ ಮೊದಲನೆಯ ಅನಿರೀಕ್ಷಿತ ಗುರು ಒಬ್ಬ ಬಡ ಹೆಂಗಸು. ಬ್ರಹ್ಮಚಾರಿಗಳು ಮನೆಮನೆಗೆ ಹೋಗಿ ಭಿಕ್ಷೆ ಬೇಡುವುದು ಗುರುಕುಲದ ಕ್ರಮ. ಹಾಗೆ ಬಾಲಕ ಶಂಕರ ನಿಂತ ಒಂದು ಬಾಗಿಲಿನೊಳಗೆ ಒಂದು ಹಿಡಿ ಅಕ್ಕಿಯೂ ಇರಲಿಲ್ಲ. ಬರಿಗೈಯಲ್ಲಿ ಕಳುಹಿಸಲಾರದೆ ಆಕೆ ಮನೆಯನ್ನೆಲ್ಲ ಹುಡುಕಿ, ಉಳಿದಿದ್ದ ಒಂದೇ ಒಂದು ನೆಲ್ಲಿಕಾಯಿಯನ್ನು ತಂದು ನಾಚುತ್ತ ಜೋಳಿಗೆಗೆ ಹಾಕಿದಳು. ಆ ಬಾಲಕನ ಬಾಯಿಂದ ಆಗ ಹೊರಟುದೇ ಕನಕಧಾರಾ ಸ್ತೋತ್ರವೆಂದೂ, ಬಂಗಾರದ ನೆಲ್ಲಿಕಾಯಿಗಳ ಮಳೆ ಸುರಿಯಿತೆಂದೂ ಹೇಳುತ್ತಾರೆ. ಆ ಮನೆ ನಮ್ಮ ನೆರೆಯ ಪಳಂತೋಟ್ಟಂ ಊರಿನ ಸ್ವರ್ಣತ್ತು ಮನವೆಂಬುದು ಇಲ್ಲಿಯವರ ನಂಬಿಕೆ.

ಕಥೆ ಕೇಳುವವರ ಕಣ್ಣು ಸಹಜವಾಗಿ ಬಂಗಾರದ ಮೇಲೆ ಹೋಗುತ್ತದೆ. ದಿನವೆಲ್ಲ ಪರರ ಹಣವನ್ನು ಎಣಿಸಿಕೊಡುವ ಗುಮಾಸ್ತೆಯ ಉದ್ಯೋಗದಲ್ಲಿರುವ ನಮಗೆ ಮಾತ್ರ ನೆಲ್ಲಿಕಾಯಿಯೇ ದೊಡ್ಡದಾಗಿ ಕಾಣುತ್ತದೆ. ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ. ಇದ್ದುದರಲ್ಲಿ ಎಷ್ಟು ಪಾಲು ಕೊಟ್ಟಳೆಂದು ನೋಡಿದರೆ, ಇದ್ದ ಅಷ್ಟನ್ನೂ ಕೊಟ್ಟಳು. ಕೊಡುವುದನ್ನು ಕೊಟ್ಟ ಮೊತ್ತದಿಂದ ಅಳೆಯಬಾರದು, ಉಳಿಸಿಕೊಂಡುದರಿಂದ ಅಳೆಯಬೇಕೆಂಬ ಪಾಠವನ್ನು ಹಸಿದ ಹುಡುಗನೊಬ್ಬನಿಗೆ ಆಕೆ ಬಾಯಿಬಿಡದೆ ಹೇಳಿಕೊಟ್ಟಳು. ಮುಂದೆ ತನಗಾಗಿ ಏನನ್ನೂ ಉಳಿಸಿಕೊಳ್ಳದ ಸಂನ್ಯಾಸವನ್ನು ಆ ಹುಡುಗ ಆರಿಸಿಕೊಂಡನೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಎಂಟನೆಯ ವಯಸ್ಸಿಗೇ ಸಂನ್ಯಾಸದ ಹಂಬಲ ಬಲಿಯಿತು. ಇರುವ ಒಬ್ಬ ಮಗನನ್ನು ಬಿಟ್ಟುಕೊಡಲು ಯಾವ ತಾಯಿ ಒಪ್ಪಿಯಾಳು? ಪೂರ್ಣಾ ನದಿಯೆಂದೂ ಕರೆಯುವ ಪೆರಿಯಾರಿನಲ್ಲಿ ಮೀಯುವಾಗ ಮೊಸಳೆ ಕಾಲು ಹಿಡಿಯಿತು; ಸಾಯುವ ಗಳಿಗೆಯಲ್ಲಾದರೂ ಅನುಮತಿ ಕೊಡೆಂದು ಮಗ ಬೇಡಿದ; ತಾಯಿ ಕೊಟ್ಟಳು; ಮೊಸಳೆ ಬಿಟ್ಟಿತು. ಆ ಕಡವು, ಎಂದರೆ ಸ್ನಾನಘಟ್ಟ, ಇಂದಿಗೂ ಕಾಲಡಿಯಲ್ಲಿ ಮೊಸಳೆಯ ಹೆಸರಿನಿಂದಲೇ ಕರೆಯಲ್ಪಡುತ್ತದೆ. ಹೊರಡುವ ಮುನ್ನ ಆರ್ಯಾಂಬೆ ಒಂದು ವಚನ ತೆಗೆದುಕೊಂಡಳು: ತನ್ನ ಕೊನೆಗಾಲಕ್ಕೆ ಮಗ ಬರಬೇಕು, ಕ್ರಿಯೆಯನ್ನು ಅವನೇ ಮಾಡಬೇಕು. ಈ ವಚನದ ಮಾತು ಮುಂದೆ ಬರುತ್ತದೆ.

ಬಾಲ ಸಂನ್ಯಾಸಿ ಉತ್ತರಕ್ಕೆ ನಡೆದು, ನರ್ಮದೆಯ ತೀರದಲ್ಲಿ ಗೋವಿಂದ ಭಗವತ್ಪಾದರನ್ನು ಕಂಡು ಶಿಷ್ಯನಾದ. ಶಾಸ್ತ್ರವನ್ನು ಶಾಸ್ತ್ರರೀತಿಯಲ್ಲಿ ಹೇಳಿಕೊಟ್ಟ ಗುರುಗಳು ಇವರು. ಅವರ ಅಪ್ಪಣೆಯಂತೆ ಶಂಕರರು ಕಾಶಿಗೆ ಹೋದರು, ಸನಂದನ ಮೊದಲಾದ ಶಿಷ್ಯರು ಸೇರಿದರು, ಹೆಸರು ಹಬ್ಬಿತು. ಆತ್ಮವೊಂದೇ ಸತ್ಯ, ಭೇದವೆಲ್ಲ ತೋರಿಕೆಯೆಂದು ದಿನವೂ ಪಾಠ ಹೇಳುತ್ತಿದ್ದ ಆ ದಿನಗಳಲ್ಲಿಯೇ, ಆ ಪಾಠವನ್ನು ತಿರುಗಿಸಿ ಅವರಿಗೇ ಹೇಳುವ ಗುರುವೊಬ್ಬ ಗಂಗೆಯ ದಾರಿಯಲ್ಲಿ ಕಾದಿದ್ದ.

ಮಧ್ಯಾಹ್ನದ ಸ್ನಾನಕ್ಕೆ ಶಿಷ್ಯರೊಡನೆ ಹೋಗುತ್ತಿದ್ದಾಗ ಎದುರಿಗೆ ನಾಲ್ಕು ನಾಯಿಗಳೊಡನೆ ಒಬ್ಬ ಚಾಂಡಾಲ ಬಂದ. ಆ ಕಾಲದ ವಾಡಿಕೆಯಂತೆ ದಾರಿ ಬಿಟ್ಟು ಸರಿಯೆಂದು ಅವನಿಗೆ ಹೇಳಿದ್ದಾಯಿತು. ಅವನು ಸರಿಯಲಿಲ್ಲ, ಬದಲಿಗೆ ಪ್ರಶ್ನೆ ಕೇಳಿದ. ಸರಿಯಬೇಕಾದುದು ಯಾವುದು, ಅನ್ನದಿಂದಾದ ಈ ಮೈಯೋ, ಒಳಗಿರುವ ಚೈತನ್ಯವೋ? ಮೈಯಾದರೆ ಎರಡು ಮೈಗಳೂ ಒಂದೇ ಅನ್ನದಿಂದ ಆದುವು. ಚೈತನ್ಯವಾದರೆ ಅದು ಎಲ್ಲೆಲ್ಲಿಯೂ ಒಂದೇ ಎಂದು ಹೇಳುತ್ತಿರುವವರು ನೀವೇ. ಅದು ಎಲ್ಲಿಂದ ಎಲ್ಲಿಗೆ ಸರಿಯಬೇಕು? ಗಂಗೆಯಲ್ಲಿ ಕಾಣುವ ಸೂರ್ಯನಿಗೂ ಕೇರಿಯ ಕೊಳಕು ನೀರಿನಲ್ಲಿ ಕಾಣುವ ಸೂರ್ಯನಿಗೂ ಭೇದವೇನು? ಪ್ರಶ್ನೆಗಳ ಸಾರಾಂಶ ಇಷ್ಟು.

ಶಂಕರರು ವಾದ ಹೂಡಲಿಲ್ಲ. ವಾದದಲ್ಲಿ ಅವರನ್ನು ಮೀರಿಸಿದವರಿರಲಿಲ್ಲ. ಬೇಕೆಂದಿದ್ದರೆ ಹತ್ತು ಸಮಾಧಾನ ಹೇಳಿ ಮುಂದೆ ಹೋಗಬಹುದಾಗಿತ್ತು. ಅವರು ಅಲ್ಲಿಯೇ ನಿಂತು ಆ ಮಾತು ಸತ್ಯವೆಂದು ಒಪ್ಪಿದರು. ಈ ಅರಿವು ಯಾರಲ್ಲಿ ನೆಲೆನಿಂತಿದೆಯೋ ಅವರು ಹುಟ್ಟಿನಿಂದ ಯಾರೇ ಆಗಿರಲಿ, ತಮಗೆ ಗುರುಗಳೆಂಬ ಭಾವದ ಐದು ಶ್ಲೋಕಗಳನ್ನು ಹೇಳಿದರು. ಮನೀಷಾ ಪಂಚಕವೆಂದು ಪ್ರಸಿದ್ಧವಾದುದು ಇದೇ. ಅನಂತರ ಚಾಂಡಾಲನಿದ್ದ ಕಡೆ ಕಾಶಿಯ ವಿಶ್ವನಾಥ ನಿಂತಿದ್ದನೆಂದು ಕಥೆ ಮುಗಿಯುತ್ತದೆ.

ಈ ಮುಕ್ತಾಯ ನಮಗೆ ಬಹಳ ಹಿತವಾದುದು. ಬಂದವನು ಶಿವನೇ ಆಗಿದ್ದರೆ ತಲೆಬಾಗುವುದು ಯಾರಿಗೆ ಕಷ್ಟ? ಆದರೆ ಪ್ರಸಂಗದ ಕ್ರಮವನ್ನು ಓದುಗರು ಗಮನಿಸಬೇಕು. ಶಂಕರರು ತಲೆಬಾಗಿದಾಗ ಎದುರಿಗೆ ಇದ್ದುದು ನಾಯಿ ಹಿಡಿದ ಮನುಷ್ಯ. ಶಿವ ಕಾಣಿಸಿದ್ದು ಆ ಮೇಲೆ. ಮನುಷ್ಯನನ್ನು ಒಪ್ಪಿದ ಬಳಿಕ ದೇವರು ಕಂಡನೇ ಹೊರತು, ದೇವರನ್ನು ಕಂಡ ಬಳಿಕ ಮನುಷ್ಯನನ್ನು ಒಪ್ಪಿದುದಲ್ಲ. ಕಥೆಯ ಜೀವವೆಲ್ಲ ಈ ಹಿಂದುಮುಂದಿನಲ್ಲಿದೆ ಎಂದು ನಮ್ಮ ನಂಬಿಕೆ.

ಹೀಗೆ ಕಲಿಯುವ ಪದ್ಧತಿ ಶಂಕರರಿಗೆ ಹೊಸದೂ ಅಲ್ಲ. ಅವರು ಭಾಷ್ಯ ಬರೆದ ಛಾಂದೋಗ್ಯ ಉಪನಿಷತ್ತಿನಲ್ಲಿ ಜಾನಶ್ರುತಿಯೆಂಬ ರಾಜ ವಿದ್ಯೆಯನ್ನು ಅರಸುತ್ತ ಹೋಗಿ ಕಾಣುವುದು ಗಾಡಿಯ ಕೆಳಗೆ ಕುಳಿತು ಮೈ ಕೆರೆದುಕೊಳ್ಳುತ್ತಿದ್ದ ರೈಕ್ವನನ್ನು. ಅದೇ ಗ್ರಂಥದಲ್ಲಿ ದನ ಕಾಯಲು ಹೋದ ಸತ್ಯಕಾಮನಿಗೆ ಬ್ರಹ್ಮದ ನಾಲ್ಕು ಪಾದಗಳನ್ನು ಹೇಳಿಕೊಟ್ಟವರು ಒಂದು ಹೋರಿ, ಬೆಂಕಿ, ಹಂಸ ಮತ್ತು ನೀರುಹಕ್ಕಿ. ಗುರು ಯಾವ ವೇಷದಲ್ಲಿ ಬಂದಾನೆಂದು ಹೇಳಲಾಗದೆಂಬುದು ನಮ್ಮ ಹಿಂದಿನವರು ಅರಿತಿದ್ದ ಮಾತು.

ಕಾಶಿಯಿಂದ ಮುಂದೆ ದಿಗ್ವಿಜಯದ ಕಥೆ. ಕರ್ಮಮಾರ್ಗದ ಮಹಾಪಂಡಿತರಾದ ಕುಮಾರಿಲ ಭಟ್ಟರನ್ನು ಪ್ರಯಾಗದಲ್ಲಿ ಅವರ ಕೊನೆಗಾಲದಲ್ಲಿ ಕಂಡು, ಅವರ ಸೂಚನೆಯಂತೆ ಶಂಕರರು ಮಂಡನ ಮಿಶ್ರರನ್ನು ಅರಸಿಕೊಂಡು ಮಾಹಿಷ್ಮತಿಗೆ ಬಂದರು. ಮನೆ ಯಾವುದೆಂದು ಕೇಳಿದುದು ನೀರಿಗೆ ಬಂದ ಹೆಂಗಸರನ್ನು. ಪಂಜರದ ಗಿಣಿಗಳು ಪ್ರಮಾಣದ ವಿಚಾರವಾಗಿ ಚರ್ಚೆಮಾಡುತ್ತಿರುವ ಬಾಗಿಲನ್ನು ಕಂಡರೆ ಅದೇ ಮಂಡನರ ಮನೆಯೆಂದು ಅವರು ಗುರುತು ಹೇಳಿದರಂತೆ. ಪಂಡಿತರ ಮನೆಗೆ ದಾರಿ ತೋರಿಸುವವರು ಪಂಡಿತರೇ ಆಗಬೇಕಾಗಿಲ್ಲವೆಂದು ಈ ಪ್ರಸಂಗವನ್ನು ಓದಿದಾಗಲೆಲ್ಲ ನಮಗೆ ಅನಿಸುತ್ತದೆ.

ವಾದಕ್ಕೆ ತೀರ್ಪುಗಾರಳಾಗಿ ಕುಳಿತವಳು ಮಂಡನರ ಹೆಂಡತಿ ಉಭಯಭಾರತಿ. ಇಬ್ಬರ ಕೊರಳಿಗೂ ಹೂಮಾಲೆ ಹಾಕಿ, ಯಾರ ಮಾಲೆ ಬಾಡುವುದೋ ಅವರಿಗೆ ಸೋಲೆಂದು ಆಕೆ ಒಳಗಿನ ಕೆಲಸಕ್ಕೆ ಹೊರಟುಹೋದಳು. ದಿನಗಳುರುಳಿದ ಮೇಲೆ ಬಾಡಿದುದು ಗಂಡನ ಮಾಲೆ. ಆಕೆ ಅದನ್ನು ಮುಚ್ಚಿಡದೆ ಹೇಳಿದಳು. ಆದರೆ ಹೆಂಡತಿ ಅರ್ಧಾಂಗಿಯಾದುದರಿಂದ ಗೆಲುವು ಅರ್ಧವೇ ಆಯಿತೆಂದು ತಾನೇ ವಾದಕ್ಕೆ ಕುಳಿತು, ಸಂಸಾರ ಜೀವನದ ವಿಷಯವಾಗಿ ಪ್ರಶ್ನೆ ಹಾಕಿದಳು. ಎಂಟರಲ್ಲಿ ಮನೆ ಬಿಟ್ಟ ಸಂನ್ಯಾಸಿಗೆ ಆ ಲೋಕದ ಅನುಭವವೆಲ್ಲಿಯದು? ಶಂಕರರು ಒಂದು ತಿಂಗಳ ವಾಯಿದೆ ಕೇಳಿದರು. ಪರಕಾಯ ಪ್ರವೇಶ ಮಾಡಿ ಆ ವಿದ್ಯೆಯನ್ನು ಪಡೆದರೆಂಬ ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟುದು. ತನಗೆ ಗೊತ್ತಿಲ್ಲದ ವಿಷಯ ಬಂದಾಗ ಗೊತ್ತಿಲ್ಲವೆಂದು ಒಪ್ಪಿ, ಕಲಿತು ಬರುತ್ತೇನೆಂದು ಒಬ್ಬ ಗೃಹಿಣಿಯ ಮುಂದೆ ಕಾಲಾವಕಾಶ ಬೇಡುವುದಕ್ಕೆ ಬೇಕಾದ ಧೈರ್ಯ ದಿಗ್ವಿಜಯಕ್ಕಿಂತ ಕಡಮೆಯದಲ್ಲ. ಮಂಡನರು ಸುರೇಶ್ವರಾಚಾರ್ಯರಾಗಿ ಶೃಂಗೇರಿಯ ಮೊದಲ ಪೀಠಾಧಿಪತಿಗಳಾದರು. ಉಭಯಭಾರತಿಯೇ ಶಾರದೆಯಾಗಿ ಅಲ್ಲಿ ನೆಲೆಸಿದಳೆಂದು ಸಂಪ್ರದಾಯ ಹೇಳುತ್ತದೆ. ಎಂದ ಮೇಲೆ, ತಮ್ಮನ್ನು ಪ್ರಶ್ನಿಸಿದ ಹೆಂಗಸನ್ನೇ ಆಚಾರ್ಯರು ವಿದ್ಯೆಯ ಅಧಿದೇವತೆಯಾಗಿ ಪೂಜಿಸಿದರೆಂದಾಯಿತು.

ಇನ್ನು ಕಥೆ ನಮ್ಮ ನಾಡಿಗೆ ಬರುತ್ತದೆ. ಇಂದು ಮಲಯಾಳಿ ಯಾತ್ರಿಕರು ಗುಂಪುಗುಂಪಾಗಿ ಹೋಗುವ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಯನ್ನು ದಾಟಿ, ಶ್ರೀವಲಿ ಎಂಬ ಅಗ್ರಹಾರಕ್ಕೆ ಶಂಕರರು ಬಂದರು. ಅಲ್ಲಿ ಪ್ರಭಾಕರನೆಂಬ ಗೃಹಸ್ಥ, ಮಾತಿಲ್ಲದೆ ಜಡನಂತಿದ್ದ ಮಗನನ್ನು ತಂದು ಕಾಲಿಗೆ ಹಾಕಿದ. ನೀನು ಯಾರೆಂದು ಕೇಳಿದಾಗ ಆ ಹುಡುಗ ಮೊದಲ ಸಾರಿ ಬಾಯಿತೆರೆದು, ತಾನು ಮೈಯಲ್ಲ, ಕುಲವಲ್ಲ, ಅರಿವಿನ ಸ್ವರೂಪವೆಂದು ಉತ್ತರ ಕೊಟ್ಟ. ಮನೆಯವರು ದಡ್ಡನೆಂದು ಕೈಬಿಟ್ಟಿದ್ದವನು ಹಸ್ತಾಮಲಕನೆಂಬ ಹೆಸರಿನಿಂದ ಆಚಾರ್ಯರ ನಾಲ್ವರು ಮುಖ್ಯ ಶಿಷ್ಯರಲ್ಲಿ ಒಬ್ಬನಾದ.

ತುಂಗೆಯ ದಡವನ್ನು ಮುಟ್ಟಿದಾಗ ಉರಿಬಿಸಿಲು. ಹೆರಿಗೆಯ ನೋವಿನಲ್ಲಿದ್ದ ಒಂದು ಕಪ್ಪೆಗೆ ನಾಗರಹಾವೊಂದು ಹೆಡೆ ಬಿಚ್ಚಿ ನೆರಳು ಕೊಡುತ್ತಿತ್ತು. ಹುಟ್ಟುಹಗೆಗಳು ಹಗೆ ಮರೆತ ನೆಲವೇ ಮಠಕ್ಕೆ ತಕ್ಕುದೆಂದು ಶಂಕರರು ನಿರ್ಧರಿಸಿದರು. ಶೃಂಗೇರಿಯ ಸ್ನಾನಘಟ್ಟದಲ್ಲಿ ಕಪ್ಪೆ ಶಂಕರವೆಂಬ ಹೆಸರಿನ ಚಿಕ್ಕ ಗುಡಿ ಈ ನೆನಪನ್ನು ಇಂದಿಗೂ ಉಳಿಸಿಕೊಂಡಿದೆ. ಊರಿಗೆ ಹೋದಾಗ ಮೀನುಗಳಿಗೆ ಮಂಡಕ್ಕಿ ಹಾಕಿ ಬರುವ ನಮ್ಮ ಮಕ್ಕಳಿಗೆ ಆ ಗುಡಿಯನ್ನು ತೋರಿಸದೆ ಬರಬಾರದು. ಭಾರತವನ್ನೆಲ್ಲ ನಡೆದು ನೋಡಿದ ಪಂಡಿತರು ತಮ್ಮ ಪೀಠದ ಜಾಗವನ್ನು ಗೊತ್ತುಮಾಡಲು ಯಾವ ರಾಜನ ಸಲಹೆಯನ್ನೂ ಕೇಳಲಿಲ್ಲ. ಒಂದು ಹಾವಿನ ನಡತೆಯನ್ನು ನೋಡಿ ತೀರ್ಮಾನಿಸಿದರು.

ಶೃಂಗೇರಿಯಲ್ಲಿಯೇ ಮತ್ತೊಂದು ಪ್ರಸಂಗ ನಡೆಯಿತು. ಗಿರಿಯೆಂಬ ಶಿಷ್ಯ ಗುರುಗಳ ಬಟ್ಟೆ ಒಗೆಯುವುದು ಮೊದಲಾದ ಸೇವೆಯಲ್ಲಿ ನಿರತನಾಗಿದ್ದ. ಪಾಠದಲ್ಲಿ ಮಂದನೆಂದು ಹೆಸರಾಗಿದ್ದ. ಒಂದು ದಿನ ಅವನು ಹೊಳೆಯಿಂದ ಬರುವುದು ತಡವಾಯಿತು. ಅವನು ಬರಲೆಂದು ಗುರುಗಳು ಪಾಠ ನಿಲ್ಲಿಸಿ ಕಾದರು. ಅವನಿಗೆ ಹೇಳುವುದೂ ಗೋಡೆಗೆ ಹೇಳುವುದೂ ಒಂದೇ ಎಂಬಂತೆ ಪದ್ಮಪಾದರು ಗೋಡೆಯತ್ತ ನೋಡಿದರಂತೆ. ಅಷ್ಟರಲ್ಲಿ ಗಿರಿ ತೋಟಕ ವೃತ್ತದಲ್ಲಿ ಗುರುಸ್ತುತಿಯನ್ನು ಹಾಡುತ್ತ ಒಳಗೆ ಬಂದ. ಅಂದಿನಿಂದ ಅವನು ತೋಟಕಾಚಾರ್ಯ. ಆ ದಿನ ಪಾಠ ಕಲಿತವರು ಬುದ್ಧಿವಂತ ಶಿಷ್ಯರು. ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತ ಮಕ್ಕಳ ತಂದೆತಾಯಿಗಳಿಗೂ ಈ ಕಥೆಯಲ್ಲಿ ಸಮಾಧಾನವುಂಟು.

ಹೀಗಿರುವಾಗ ತಾಯಿಯ ಕೊನೆಗಾಲ ಸಮೀಪಿಸಿತು. ಕೊಟ್ಟ ವಚನದಂತೆ ಶಂಕರರು ಕಾಲಡಿಗೆ ಬಂದರು. ಸಂನ್ಯಾಸಿ ಅಪರಕ್ರಿಯೆ ಮಾಡುವಂತಿಲ್ಲ, ಇದು ನಿಯಮ. ಊರಿನ ಬಂಧುಗಳು ನಿಯಮದ ಪುಸ್ತಕವನ್ನು ಹಿಡಿದು ದೂರ ನಿಂತರು. ಹೆಗಲು ಕೊಡಲು ಒಬ್ಬರು ಬರಲಿಲ್ಲ, ಬೆಂಕಿಯನ್ನೂ ಕೊಡಲಿಲ್ಲ. ಶಂಕರರು ಒಬ್ಬರೇ, ಮನೆಯ ಅಂಗಳದಲ್ಲಿಯೇ ತಾಯಿಯ ದೇಹಕ್ಕೆ ಅಗ್ನಿಸಂಸ್ಕಾರ ಮಾಡಿದರು. ಶಾಸ್ತ್ರವನ್ನು ಅವರಷ್ಟು ಬಲ್ಲವರು ಆ ಊರಿನಲ್ಲಿರಲಿಲ್ಲ. ಆದರೂ ಶಾಸ್ತ್ರ ಓದದ ತಾಯಿಯೊಬ್ಬಳ ಬೇಡಿಕೆಯ ಮುಂದೆ ಅವರು ಕಟ್ಟಳೆಯನ್ನು ಬದಿಗಿಟ್ಟರು. ನಿಯಮಾವಳಿಯನ್ನು ಅನುಸರಿಸಿಯೇ ಅನ್ನ ತಿನ್ನುವ ಗುಮಾಸ್ತೆಯವರು ನಾವು. ನಿಯಮ ಬೇಡವೆಂದು ಹೇಳಲಾರೆವು. ನಿಯಮ ಯಾತಕ್ಕಾಗಿ ಹುಟ್ಟಿತೆಂಬುದನ್ನು ಮರೆತವರ ಕೈಯಲ್ಲಿ ಅದು ಎಷ್ಟು ಕ್ರೂರವಾಗಬಲ್ಲದೆಂಬುದನ್ನು ಮಾತ್ರ ಆ ಅಂಗಳ ನಮಗೆ ತೋರಿಸುತ್ತದೆ.

ಉಪನಿಷತ್ತು, ಬ್ರಹ್ಮಸೂತ್ರ, ಭಗವದ್ಗೀತೆಗಳಿಗೆ ಭಾಷ್ಯ ಬರೆದು, ಶೃಂಗೇರಿ, ದ್ವಾರಕೆ, ಪುರಿ, ಬದರಿಗಳಲ್ಲಿ ಮಠಗಳನ್ನು ನೆಲೆಗೊಳಿಸಿ, 32ನೆಯ ವಯಸ್ಸಿಗೆ ಅವರು ದೇಹ ಬಿಟ್ಟರೆಂದು ಹೇಳುತ್ತಾರೆ. ಕೇದಾರದಲ್ಲಿ ಎಂದು ಉತ್ತರದವರು, ಕಂಚಿಯಲ್ಲಿ ಎಂದು ತಮಿಳರು, ತೃಶ್ಶೂರಿನಲ್ಲಿ ಎಂದು ಮಲಯಾಳಿಗಳು ನಂಬುತ್ತಾರೆ. ಪ್ರತಿಯೊಂದು ನಾಡೂ ಅವರನ್ನು ತನ್ನವರೆಂದು ಹೇಳಿಕೊಳ್ಳುವುದು ಸಂತೋಷದ ವಿಷಯವೇ ಸರಿ.

ಸಂತೋಷದ ಜೊತೆಗೆ ಒಂದು ಬಾಕಿಯ ಲೆಕ್ಕವನ್ನೂ ಇಲ್ಲಿ ಹೇಳಬೇಕು. ಗಂಗೆಯ ದಾರಿಯಲ್ಲಿ ಚಾಂಡಾಲ ಕೇಳಿದ ಪ್ರಶ್ನೆಯನ್ನು ಶಂಕರರು ತಲೆಬಾಗಿ ಒಪ್ಪಿದರೆಂದು ಕಥೆ ಹೇಳುತ್ತದೆ. ಆದರೆ ಬ್ರಹ್ಮಸೂತ್ರ ಭಾಷ್ಯದಲ್ಲಿ ವೇದಾಧ್ಯಯನದ ಅಧಿಕಾರದ ಮಾತು ಬಂದಾಗ ಅವರು ಹಳೆಯ ಕಟ್ಟಳೆಯನ್ನೇ ಎತ್ತಿಹಿಡಿದರೆಂಬುದನ್ನು ಮರೆಮಾಚಬೇಕಾಗಿಲ್ಲ. ಅವರ ತರುವಾಯ ಬಂದವರಂತೂ ಐದು ಶ್ಲೋಕಗಳನ್ನು ಬಾಯಿಪಾಠ ಮಾಡಿದರು, ಪ್ರಶ್ನೆಯನ್ನು ಮಾತ್ರ ಮರೆತರು. ಆಚಾರ್ಯರು ಹುಟ್ಟಿದ ಈ ನಾಡಿನಲ್ಲಿಯೇ ಯಾರು ಯಾರಿಂದ ಎಷ್ಟು ಹೆಜ್ಜೆ ದೂರ ನಿಲ್ಲಬೇಕೆಂದು ಅಳತೆ ಹಾಕಿದ ಕಾಲವಿತ್ತು. ಸರಿದು ನಿಲ್ಲೆಂಬ ಮಾತು ದಾರಿದಾರಿಯಲ್ಲಿಯೂ ಕೇಳುತ್ತಿತ್ತು. 1924ರ ಮಾರ್ಚ್ 30ರಂದು ವೈಕಂನಲ್ಲಿ ಸತ್ಯಾಗ್ರಹ ಹೂಡಿದವರು ಕೇಳಿದುದು ಗುಡಿಯ ಸುತ್ತಲಿನ ಬೀದಿಯಲ್ಲಿ ನಡೆಯುವ ಹಕ್ಕನ್ನು, ಅಷ್ಟೇ. ಅದು 1925ರ ನವೆಂಬರಿನವರೆಗೆ ನಡೆಯಿತು. ತಿರುವಾಂಕೂರಿನಲ್ಲಿ ಗುಡಿಗಳ ಬಾಗಿಲು ಎಲ್ಲ ಹಿಂದುಗಳಿಗೂ ತೆರೆದುದು 1936ರ ನವೆಂಬರ್ 12ರಂದು. ಕಾಶಿಯ ದಾರಿಯಲ್ಲಿ ಒಬ್ಬರು ಒಂದು ಗಳಿಗೆಯಲ್ಲಿ ಕಲಿತ ಪಾಠವನ್ನು ಆಚರಣೆಗೆ ತರಲು ಅವರ ಹುಟ್ಟುನಾಡಿಗೆ ಸಾವಿರದ ನೂರು ವರ್ಷ ಹಿಡಿಯಿತು. ನಮ್ಮ ಕನ್ನಡನಾಡಿನ ಲೆಕ್ಕವೂ ಇದಕ್ಕಿಂತ ಚೊಕ್ಕಟವಾಗಿರಲಿಲ್ಲವೆಂಬುದನ್ನು ಸೇರಿಸಿ ಹೇಳುವುದು ನ್ಯಾಯ.

ಪ್ರಶ್ನೆಯನ್ನು ಮರೆಯದೆ ಮತ್ತೆ ಎತ್ತಿದವರೂ ಇದೇ ಹೊಳೆಯ ದಡದಲ್ಲಿ ಬಂದರು. ಕಾಲಡಿಯಿಂದ ಕೆಳಕ್ಕೆ ಹರಿದುಬರುವ ಪೆರಿಯಾರಿನ ತೀರದಲ್ಲಿ, ಆಲುವದಲ್ಲಿ, ಶ್ರೀ ನಾರಾಯಣ ಗುರುಗಳು 1913ರಲ್ಲಿ ಒಂದು ಆಶ್ರಮವನ್ನು ಸ್ಥಾಪಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಅದ್ವೈತಾಶ್ರಮ. ಕೆಳಜಾತಿಯೆಂದು ದೂರವಿಟ್ಟಿದ್ದ ಸಮಾಜದಲ್ಲಿ ಹುಟ್ಟಿದವರು ಶಂಕರರ ಅದ್ವೈತವನ್ನು ತಮ್ಮ ಸ್ವಂತ ಆಸ್ತಿಯೆಂದು ತೆಗೆದುಕೊಂಡರು. 1924ರಲ್ಲಿ ಅಲ್ಲಿಯೇ ಸರ್ವಧರ್ಮ ಸಮ್ಮೇಳನ ನಡೆಯಿತು. ಅದಕ್ಕೂ ಮೊದಲೇ, 1912ರಲ್ಲಿ, ಅವರು ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದರು. ಹೀಗೆ ಮಲಯಾಳ ನಾಡು ಎರಡನೆಯ ಸಾರಿ ಕನ್ನಡನಾಡಿಗೆ ಒಬ್ಬ ಗುರುವನ್ನು ಕಳುಹಿಸಿಕೊಟ್ಟಿತು.

ಕನ್ನಡನಾಡೂ ಋಣವನ್ನು ಮರೆಯಲಿಲ್ಲ. ಬಹುಕಾಲ ಮರೆವಿನಲ್ಲಿ ಬಿದ್ದಿದ್ದ ಕಾಲಡಿಯನ್ನು ಹುಡುಕಿ ಗೊತ್ತುಮಾಡಿ, ತಿರುವಾಂಕೂರು ಸಂಸ್ಥಾನದ ನೆರವಿನಿಂದ 1910ರಲ್ಲಿ ಶಾರದೆಗೂ ಶಂಕರರಿಗೂ ಅಲ್ಲಿ ಗುಡಿಗಳನ್ನು ಕಟ್ಟಿಸಿದವರು ಶೃಂಗೇರಿಯ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು. ಆರ್ಯಾಂಬೆಯ ಸಮಾಧಿಯೂ ಆ ಆವರಣದಲ್ಲಿಯೇ ಇದೆ. ಬಂಧುಗಳು ಹೆಗಲು ಕೊಡದ ತಾಯಿಗೆ ನಮ್ಮ ತುಂಗಾತೀರದವರು ಬಂದು ದೀಪ ಹಚ್ಚಿದರೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ಈಗ ನಮ್ಮ ಮನೆಯ ಮಾತು. ಪರನಾಡಿಗೆ ಬಂದವರಿಗೆ ಎರಡು ಬಗೆಯ ಬಾಳು ಸಾಧ್ಯ. ನಾಲ್ಕು ಕನ್ನಡ ಮನೆಗಳ ನಡುವೆ ಬೇಲಿ ಹಾಕಿಕೊಂಡು, ಹೊರಗಿನವರಿಂದ ಕಲಿಯುವುದೇನೂ ಇಲ್ಲವೆಂದು ವರ್ಷಗಳನ್ನು ಎಣಿಸುವುದು ಒಂದು. ಕಣ್ಣು ಕಿವಿ ತೆರೆದಿಟ್ಟುಕೊಂಡು ಬಾಳುವುದು ಇನ್ನೊಂದು. ನಮ್ಮಲ್ಲಿ ಹೆಚ್ಚಿನವರಿಗೆ ಮಲಯಾಳ ಕಲಿಸಿದವರು ಮೇಷ್ಟರಲ್ಲ. ಮೀನಿನ ಬುಟ್ಟಿ ಹೊತ್ತ ಹೆಂಗಸು, ಬಸ್ಸಿನ ಕಂಡಕ್ಟರು, ಪಕ್ಕದ ಮನೆಯ ಅಮ್ಮಚ್ಚಿ. ಹಣ ಎಣಿಸುವಾಗ ಮಾತನ್ನೂ ಮಾತಾಡುವಾಗ ಎಣಿಕೆಯನ್ನೂ ಬೆರೆಸಬಾರದೆಂಬ ಬುದ್ಧಿಯನ್ನು ನಾವು ಪಡೆದುದು ಬಿ.ಕಾಂ. ಪುಸ್ತಕಗಳಿಂದಲ್ಲ, ಬ್ಯಾಂಕಿನ ತರಬೇತಿಯಿಂದಲೂ ಅಲ್ಲ. ತಿಂಗಳ ಮೊದಲ ವಾರ ಪಿಂಚಣಿಗೆ ಬರುವ ಒಬ್ಬ ಅಜ್ಜಿ, ತಮ್ಮ ನೋಟುಗಳನ್ನು ಎರಡು ಸಾರಿ ಎಣಿಸಿ ಮುಗಿಯುವ ತನಕ ಯಾರ ಕುಶಲಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಎಣಿಕೆ ಮುಗಿದ ಮೇಲೆ ಕೇಳಿದವರನ್ನೆಲ್ಲ ಹುಡುಕಿಕೊಂಡು ಹೋಗಿ ಮಾತಾಡಿಸುತ್ತಾರೆ. ಕೆಲಸಕ್ಕೂ ಸ್ನೇಹಕ್ಕೂ ಅದರದರ ಹೊತ್ತನ್ನು ಪೂರ್ತಿಯಾಗಿ ಕೊಡಬೇಕೆಂದು ಅವರನ್ನು ನೋಡಿ ತಿಳಿದೆವು.

ನಮ್ಮ ಮಕ್ಕಳ ಕಾಲಕ್ಕೆ ಈ ಪಾಠ ಇನ್ನೂ ಅಗತ್ಯವಾದುದು. ಯಾರ ಮಾತು ಕೇಳಬೇಕೆಂದು ಅವರಿಗೆ ಹೇಳುವಾಗ ನಾವು ಸಾಮಾನ್ಯವಾಗಿ ಅಂಕ, ಪದವಿ, ಸಂಬಳಗಳನ್ನು ನೋಡಿ ಹೇಳುತ್ತೇವೆ. ಆಚಾರ್ಯರ ಚರಿತ್ರೆಯಲ್ಲಿ ಅವರಿಗೆ ದಾರಿ ತೋರಿದವರನ್ನು ಸಾಲಾಗಿ ನಿಲ್ಲಿಸಿದರೆ, ಒಬ್ಬ ಬಡವಿ, ಒಬ್ಬ ಚಾಂಡಾಲ, ನೀರು ಹೊರುವ ಹೆಂಗಸರು, ಒಬ್ಬ ಗೃಹಿಣಿ, ಒಂದು ಹಾವು, ಮೂಗನೆನಿಸಿದ ಹುಡುಗ, ದಡ್ಡನೆನಿಸಿದ ಶಿಷ್ಯ, ಮುಪ್ಪಿನ ತಾಯಿ. ಇವರಲ್ಲಿ ಯಾರೂ ಪಾಠ ಹೇಳುತ್ತೇವೆಂದು ಹೊರಟವರಲ್ಲ. ಕಲಿಯುವವರು ದೊಡ್ಡವರಾಗಿದ್ದುದರಿಂದ ಅವರೆಲ್ಲ ಗುರುಗಳಾದರು.

ಕನ್ನಡವನ್ನು ಮನೆಯಲ್ಲಿ ಉಳಿಸಿಕೊಂಡು, ನೆರೆಯವರ ನುಡಿಗೂ ನಡೆಗೂ ಬಾಗಿಲು ತೆರೆದಿಟ್ಟು, ದಾರಿಯಲ್ಲಿ ಎದುರಾಗುವ ಯಾರನ್ನೂ ಸರಿಯೆಂದು ಹೇಳದೆ ಬಾಳುವ ಬುದ್ಧಿಯನ್ನು ತಾಯಿ ಭುವನೇಶ್ವರಿಯು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ ಎಂದು ಬೇಡಿಕೊಂಡು, ಓದುಗರೆಲ್ಲರಿಗೂ ರಾಜ್ಯೋತ್ಸವದ ಶುಭಾಶಯಗಳನ್ನು ಕೋರುತ್ತೇವೆ.